ರಿವಾಲ್ವರಿಗೆ ಸೀಸದ ಗುಂಡು: ನಳಿಗೆಯಲ್ಲಿ ಸೀಸ ಹಿಡಿಯದಂತೆ ನೋಡಿಕೊಳ್ಳುವುದು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ಕೋವಿ ಹೊಸತಲ್ಲ. ಅಡಿಕೆ ತೋಟ ಇದ್ದಲ್ಲಿ ಮಂಗ ಇದೆ, ಹಂದಿ ಇದೆ. ಹಾಗಾಗಿ ಹಳೇ ಮನೆಗಳಲ್ಲಿ ಲೈಸನ್ಸಿನ ಕೋವಿಯೂ ಇದೆ. ಓಟು ಬಂತೆಂದರೆ ಅದನ್ನು ಸ್ಟೇಷನ್ನಿಗೆ ಒಯ್ದು ಒಪ್ಪಿಸಿ ರಶೀದಿ ತರುವ ರಗಳೆ ಬೇರೆ. 2022ರಲ್ಲಿ ಕೇರಳ ಸರಕಾರ ಕಾಡುಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರ ಕೈಗೆ ಕೊಟ್ಟಿತಲ್ಲ, ಆಮೇಲೆ ಆ ಕೋವಿಗಳಿಗೆ ಮತ್ತೆ ಸ್ವಲ್ಪ ಕೆಲಸ ಬಂತು. ಆದರೆ ಅವೆಲ್ಲ ಉದ್ದ ಕೋವಿಗಳು. ಒಂದೋ ಕೇಪಿನ ಕೋವಿ, ಇಲ್ಲವೇ ತೋಟೆ ಹಾಕುವ ಒಂಟಿ ನಳಿಗೆ, ಜೋಡು ನಳಿಗೆ. ಒಳಗಡೆ ನುಣ್ಣಗೆ. ಕೇಪಿನ ಕೋವಿಯಲ್ಲಿ ಕರಿಮದ್ದಿನ ಮಸಿ ಹಿಡಿದರೆ ಬಿಸಿನೀರು ಹೊಯ್ದು, ಬಟ್ಟೆ ಎಳೆದು, ಎಣ್ಣೆ ಹಚ್ಚಿದರೆ ಮುಗಿಯಿತು.

ನಾನಿರುವ ಪೆನ್ಸಿಲ್ವೇನಿಯದಲ್ಲಿ ಕೋವಿಯ ಕಥೆಯೇ ಬೇರೆ. ನವೆಂಬರ್ ಕೊನೆಗೆ ಜಿಂಕೆ ಬೇಟೆಯ ಸೀಸನ್ ಶುರುವಾದರೆ ಎಷ್ಟೋ ಹಳ್ಳಿ ಶಾಲೆಗಳಿಗೆ ಸೋಮವಾರ ರಜೆ! ಕೆಲಸದ ವೀಸಾದಲ್ಲಿ ಬಂದವರು ಕೆಲವು ವಿನಾಯಿತಿ ಬಿಟ್ಟರೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ನಾನು ಹತ್ತಿರದ ಒಂದು ಕ್ಲಬ್ಬು ಸೇರಿದೆ. ಬೇಟೆ ನನಗೆ ಬೇಡ. ಕಾಗದಕ್ಕೆ ಗುರಿಯಿಟ್ಟು ಹೊಡೆಯುವುದೇ ಸಾಕು, ಅದೂ ಒಂದು ಹಳೇ ರಿವಾಲ್ವರಿನಲ್ಲಿ. .38 ಸ್ಪೆಷಲ್ ತೋಟೆಯನ್ನೂ .357 ಮ್ಯಾಗ್ನಂ ತೋಟೆಯನ್ನೂ ಹಾಕಬಹುದಾದಂಥದ್ದು.

ಕ್ಲಬ್ಬಿನ ಹಿರಿಯರು ಅಂಗಡಿಯ ತೋಟೆ ಕೊಳ್ಳುವುದು ಕಡಿಮೆ. ಸೀಸ ಕರಗಿಸಿ ಗುಂಡು ಎರಕ ಹೊಯ್ಯುತ್ತಾರೆ, ಖಾಲಿ ತೋಟೆಗೆ ಮತ್ತೆ ಮದ್ದು ತುಂಬುತ್ತಾರೆ. ಸ್ವಂತಕ್ಕೆ ಮಾಡಿಕೊಳ್ಳಲು ಇಲ್ಲಿ ಕಾನೂನು ಬಿಡುತ್ತದೆ. ಊರಲ್ಲಿ ಹಾಗಲ್ಲ. ಲೈಸನ್ಸ್ ಇಲ್ಲದೆ ತೋಟೆ ತಯಾರಿಸಿದರೆ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಇದನ್ನು ಓದಿ ಯಾರೂ ಹಿತ್ತಿಲಲ್ಲಿ ಒಲೆ ಹೂಡಬೇಡಿ ಮಾರಾಯ್ರೆ.

ಈ ಹವ್ಯಾಸದಲ್ಲಿ ಎಲ್ಲರಿಗೂ ತಲೆನೋವು ಒಂದೇ, ನಳಿಗೆಗೆ ಸೀಸ ಹಿಡಿಯುವುದು. ರಿವಾಲ್ವರಿನ ನಳಿಗೆ ನಮ್ಮ ತೋಟದ ಕೋವಿಯ ಹಾಗೆ ನುಣ್ಣಗಿಲ್ಲ. ಒಳಗೆ ಸುರುಳಿಯಾಗಿ ಗೀರುಗಳಿವೆ, ಗುಂಡು ಅವುಗಳನ್ನು ಕಚ್ಚಿಕೊಂಡು ತಿರುಗುತ್ತ ಹೊರಗೆ ಹೋಗುತ್ತದೆ. ಆ ಗೀರಿನ ಮೂಲೆಯಲ್ಲಿ ಸೀಸ ತೆಳ್ಳಗೆ ಕೂತರೆ ಮುಂದಿನ ಗುಂಡು ಅದರ ಮೇಲೆ ಉಜ್ಜಿ ಇನ್ನಷ್ಟು ಸೀಸ ಬಿಡುತ್ತದೆ. ಗುರಿ ಕೆಡುತ್ತದೆ. ಖಾಲಿ ರಿವಾಲ್ವರಿನ ಸಿಲಿಂಡರ್, ಅಂದರೆ ತೋಟೆ ಕೂರುವ ಕೋಣೆಗಳಿರುವ ತಿರುಗುವ ಉರುಳೆ, ಹೊರಗೆ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಚೊಕ್ಕ ನಳಿಗೆಯಲ್ಲಿ ಗೀರಿನ ಅಂಚು ಹರಿತವಾಗಿ ಹೊಳೆಯುತ್ತದೆ. ಸೀಸ ಹಿಡಿದದ್ದರಲ್ಲಿ ಅಂಚಿನ ಉದ್ದಕ್ಕೂ ಮಂಕು ಬೂದು ಬಣ್ಣದ ಪಟ್ಟೆ, ಕೆಲವು ಕಡೆ ಸಿಪ್ಪೆ ಎದ್ದಂತೆ ಚೂರು.

ಸೀಸ ಮೆತ್ತಗೆ, ಅದಕ್ಕೇ ಅಂಟುತ್ತದೆ, ಗಟ್ಟಿ ಗುಂಡು ಹಾಕಿದರೆ ಸರಿಹೋಗುತ್ತದೆ. ಹೊಸಬರೆಲ್ಲ ಹೀಗೇ ಲೆಕ್ಕ ಹಾಕುತ್ತಾರೆ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಹೆಚ್ಚಿನ ಸಲ ಕಾರಣ ಅದಲ್ಲ, ಅಳತೆ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಪೂರ ಇದ್ದರೂ ಸಾಕು, ಮದ್ದು ಉರಿದ ಬಿಸಿ ಗ್ಯಾಸು ಗುಂಡಿನ ಪಕ್ಕದ ಸಂದಿಯಿಂದ ಮುಂದಕ್ಕೆ ನುಗ್ಗುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದಾಗ ಹಬೆ ಬದಿಯಿಂದ ಚಿಮ್ಮುವ ಹಾಗೆ. ಆ ಗ್ಯಾಸು ಗುಂಡಿನ ಬದಿಯನ್ನು ಕೊರೆದು, ಕೊರೆದ ಸೀಸವನ್ನು ನಳಿಗೆಗೆ ಮೆತ್ತುತ್ತದೆ.

ಅಳತೆ ನೋಡಬೇಕಾದದ್ದು ಎರಡು ಕಡೆ. ರಿವಾಲ್ವರಿನ ಗುಂಡು ನೇರ ನಳಿಗೆಗೆ ಹೋಗುವುದಿಲ್ಲ. ಮೊದಲು ಸಿಲಿಂಡರಿನ ಕೋಣೆಯ ಮುಂಬಾಯಿ ದಾಟಬೇಕು, ಅದಕ್ಕೆ ಥ್ರೋಟ್ ಅನ್ನುತ್ತಾರೆ. ಆಮೇಲೆ ಸಣ್ಣದೊಂದು ಸಂದು ಹಾರಿ ನಳಿಗೆಯ ಹಿಂಬಾಯಿಗೆ ಬರಬೇಕು. ಅದು ಆಲಿಕೆಯ ಆಕಾರದ ಫೋರ್ಸಿಂಗ್ ಕೋನ್. .357ರ ನಳಿಗೆ ಗೀರಿನ ತಳದಿಂದ ತಳಕ್ಕೆ ಸುಮಾರು 0.357 ಇಂಚು ಇರುತ್ತದೆ. ಸೀಸದ ಗುಂಡು ಅದಕ್ಕಿಂತ ಒಂದು ಥೌ ದಪ್ಪ, ಅಂದರೆ 0.358 ಇರಬೇಕು. ಲೇತ್ ಕೆಲಸದವರಿಗೆ ಥೌ ಗೊತ್ತು, ಇಂಚಿನ ಸಾವಿರದ ಒಂದು ಪಾಲು, 0.025 ಮಿಲಿಮೀಟರ್. ಥ್ರೋಟ್ ಗುಂಡಿನಷ್ಟೇ ಇರಬೇಕು, ಇಲ್ಲವೇ ಅದಕ್ಕಿಂತ ಚೂರೇ ಚೂರು ದೊಡ್ಡದು. ಥ್ರೋಟ್ ನಳಿಗೆಗಿಂತ ಕಿರಿದಾಗಿದ್ದರೆ ಎಷ್ಟು ದಪ್ಪದ ಗುಂಡು ಹಾಕಿದರೂ ಉಪಯೋಗವಿಲ್ಲ. ಥ್ರೋಟು ಅದನ್ನು ಹಿಂಡಿ ಸಪೂರ ಮಾಡಿ, ಅಗಲದ ನಳಿಗೆಗೆ ಬಿಡುತ್ತದೆ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಕ್ಲಬ್ಬಿನಲ್ಲಿ ಯಂತ್ರದ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಅಜ್ಜ ಇದ್ದಾರೆ. ನನ್ನ ಸಿಲಿಂಡರನ್ನು ಕಳಚಿ ಮೇಜಿನ ಮೇಲಿಟ್ಟು, ಎಣ್ಣೆ ಒರೆಸಿ, 0.358ರ ಒಂದು ಗುಂಡನ್ನು ಪ್ರತಿ ಕೋಣೆಯ ಮುಂಬಾಯಿಗೂ ಇಟ್ಟು ಬೆರಳಲ್ಲಿ ಒತ್ತಿದರು. ಹೆಚ್ಚಿನದರಲ್ಲಿ ಸ್ವಲ್ಪ ಒತ್ತಿದಾಗ ಸರಕ್ಕನೆ ಹೋಯಿತು. ಅದು ಸರಿ. ಒಂದು ಕೋಣೆಯಲ್ಲಿ ಗುಂಡು ಅಲ್ಲೇ ಕೂತುಬಿಟ್ಟಿತು. ಅಜ್ಜ ಮಾತಾಡಲಿಲ್ಲ, ಚಾಕ್ ತೆಗೆದು ಆ ಕೋಣೆಗೆ ಗುರುತು ಹಾಕಿದರು. ಒತ್ತದೆ ತಾನೇ ಬಿದ್ದುಹೋದರೆ ಗುಂಡು ಸಣ್ಣದು, ಅಥವಾ ಥ್ರೋಟ್ ದೊಡ್ಡದು. ಬಿಗಿ ಥ್ರೋಟನ್ನು ಗನ್‌ಸ್ಮಿತ್ ರೀಮರ್ ಹಾಕಿ ಹಿಗ್ಗಿಸಿಕೊಡುತ್ತಾನೆ. ನನ್ನದಕ್ಕೂ ಅದನ್ನೇ ಮಾಡಿಸಿದೆ.

ನಳಿಗೆಯ ಅಳತೆಗೆ ಮೆತ್ತನೆ ಸೀಸದ ಒಂದು ಗುಂಡಿಗೆ ಎಣ್ಣೆ ಹಚ್ಚಿ ಮರದ ಕೋಲಿನಿಂದ ಮೆಲ್ಲಗೆ ತಟ್ಟಿ ಈಚೆ ತೆಗೆಯಬೇಕು. ಹೊರಬಂದ ಗುಂಡಿನ ಮೈಯಲ್ಲಿ ನಳಿಗೆಯ ಅಚ್ಚು ಇರುತ್ತದೆ, ಅದಕ್ಕೆ ಮೈಕ್ರೋಮೀಟರ್ ಹಿಡಿಯುವುದು. ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರುಗಳಲ್ಲಿ ಐದು ಗೀರು ಇರುವುದು ರೂಢಿ. ಐದಾದರೆ ಗೀರಿನ ಎದುರು ಗೀರು ಬರುವುದಿಲ್ಲ, ಸಾದಾ ಮೈಕ್ರೋಮೀಟರ್ ಕೈಕೊಡುತ್ತದೆ. ಗುಂಡು ತಟ್ಟುವಾಗ ಕೈಗೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ನಳಿಗೆಯನ್ನು ಫ್ರೇಮಿಗೆ ತಿರುಪಿ ಬಿಗಿದ ಜಾಗದಲ್ಲಿ ಕೆಲವು ಸಲ ಅದು ಹಿಚುಕಿದಂತೆ ಕಿರಿದಾಗಿರುತ್ತದೆ. ಅಲ್ಲಿ ಗುಂಡು ತಡೆದು, ಆಮೇಲೆ ಸಲೀಸಾಗಿ ಜಾರುತ್ತದೆ. ಅಂಥ ನಳಿಗೆ ಇದ್ದರೆ ಉಳಿದದ್ದೆಲ್ಲ ಸರಿ ಇದ್ದರೂ ಸೀಸ ಹಿಡಿಯುತ್ತದೆ.

ಇನ್ನು ಗಟ್ಟಿತನ. ಶುದ್ಧ ಸೀಸದ ಗಟ್ಟಿತನ ಬ್ರಿನೆಲ್ ಅಳತೆಯಲ್ಲಿ ಸುಮಾರು 5. ಕಾರಿನ ಚಕ್ರಕ್ಕೆ ಹೊಡೆಯುವ ಹಳೇ ತೂಕದ ಬಿಲ್ಲೆಗಳದ್ದು 12ರ ಆಸುಪಾಸು. ಲೈನೋಟೈಪ್ ಅಚ್ಚಿನ ಲೋಹ 22ರಷ್ಟು. ಹೌದು, ಮುದ್ರಣದ ಲೋಹವೇ. ನಮ್ಮ ಕಡೆಯ ಹಳೇ ಪ್ರೆಸ್ಸುಗಳಲ್ಲಿ ಮದುವೆ ಕಾಗದಕ್ಕೆ ಜೋಡಿಸುತ್ತಿದ್ದ ಮೊಳೆಗಳೂ ಇದೇ ಜಾತಿ, ಸೀಸ, ಆಂಟಿಮನಿ, ತವರ. ಇಲ್ಲಿ ಪ್ರೆಸ್ಸುಗಳು ಮುಚ್ಚಿದಾಗ ಆ ಲೋಹವನ್ನು ಗುಂಡು ಹೊಯ್ಯುವವರು ಹುಡುಕಿಕೊಂಡು ಹೋಗಿ ಕೊಂಡರಂತೆ. ಅಕ್ಷರ ಹೋಗಿ ಗುಂಡಾದದ್ದು ನನಗಂತೂ ಅಷ್ಟು ಇಷ್ಟವಾಗಲಿಲ್ಲ.

ಹಾಗೆ ನೋಡಿದರೆ .38 ಸ್ಪೆಷಲ್‌ಗೆ ಅಷ್ಟು ಗಟ್ಟಿ ಬೇಕಾಗಿಯೇ ಇಲ್ಲ. ಅದರ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, .357 ಮ್ಯಾಗ್ನಂದು 35,000. ಕಡಿಮೆ ಒತ್ತಡದಲ್ಲಿ ಮೆತ್ತನೆ ಗುಂಡು ಸ್ವಲ್ಪ ಉಬ್ಬಿ ಸಂದಿ ಮುಚ್ಚುತ್ತದೆ, ಗಟ್ಟಿ ಗುಂಡು ಉಬ್ಬುವುದಿಲ್ಲ. ಅಂದರೆ ಸೀಸ ಹಿಡಿಯಬಾರದೆಂದು ಜಾಸ್ತಿ ದುಡ್ಡು ಕೊಟ್ಟು ತಂದ ಗಟ್ಟಿ ಗುಂಡಿನಿಂದಲೇ ಸೀಸ ಹಿಡಿಯುವುದೂ ಉಂಟು! ಮ್ಯಾಗ್ನಂ ವೇಗಕ್ಕೆ ಮಾತ್ರ ಗಟ್ಟಿ ಲೋಹ ಬೇಕು. ಅಲ್ಲಿ ಗುಂಡಿನ ತಳಕ್ಕೆ ಗ್ಯಾಸ್ ಚೆಕ್ ಅನ್ನುವ ತಾಮ್ರದ ಪುಟ್ಟ ಟೊಪ್ಪಿ ಹಾಕುವವರೂ ಇದ್ದಾರೆ.

ಮೂರನೆಯದು ಜಿಡ್ಡು. ಎರಕದ ಗುಂಡಿನ ಸುತ್ತ ಒಂದು ಕಾಲುವೆ ಇರುತ್ತದೆ, ಅದರಲ್ಲಿ ಮೇಣ ತುಂಬುತ್ತಾರೆ. ಜೇನುಮೇಣ ಅರ್ಧ, ಅಲಾಕ್ಸ್ ಅನ್ನುವ ಗ್ರೀಸಿನಂಥದ್ದು ಅರ್ಧ, ಇದು ಹಳೇ ಪಾಕ. ಸೀಸ ಎಲ್ಲಿ ಹಿಡಿದಿದೆ ಎಂದು ನೋಡಿದರೆ ಕಾಯಿಲೆ ತಿಳಿಯುತ್ತದೆ. ಫೋರ್ಸಿಂಗ್ ಕೋನಿನ ಹತ್ತಿರ ಹಿಡಿದಿದ್ದರೆ ಅಳತೆ ತಪ್ಪು. ನಳಿಗೆಯ ತುದಿಯಲ್ಲಿ ಹಿಡಿದಿದ್ದರೆ ಮೇಣ ಅರ್ಧದಾರಿಯಲ್ಲೇ ಮುಗಿದಿದೆ. ಈಗಿನ ಹುಡುಗರು ಮೇಣ ಬಿಟ್ಟು ಪೌಡರ್ ಕೋಟಿಂಗ್ ಮಾಡುತ್ತಾರೆ. ಗೇಟು, ಗ್ರಿಲ್ಲಿಗೆ ಹಾಕುವ ಪುಡಿ ಬಣ್ಣವೇ. ಗುಂಡಿಗೆ ಹಚ್ಚಿ 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 20 ನಿಮಿಷ ಬೇಯಿಸಿದರೆ ಪ್ಲಾಸ್ಟಿಕ್ ಅಂಗಿ ತೊಟ್ಟ ಹಾಗೆ. ಹೊಗೆ ಕಡಿಮೆ, ಸೀಸ ಕೈಗೆ ತಾಗುವುದೂ ಕಡಿಮೆ. ಅಡುಗೆಯ ಅವನ್ ಮಾತ್ರ ಮುಟ್ಟಬಾರದು, ಇದಕ್ಕೆಂದೇ ಬೇರೆ ಬೇಕು. ಅಳತೆ ತಪ್ಪಿದ್ದರೆ ಬಣ್ಣವೂ ಕಾಪಾಡುವುದಿಲ್ಲ ಅನ್ನುತ್ತಾರೆ ಅಜ್ಜ.

ತೋಟೆಯ ಬಾಯಿಯನ್ನು ಸ್ವಲ್ಪ ಅರಳಿಸದೆ ಗುಂಡು ಕೂರಿಸಿದರೆ ಹಿತ್ತಾಳೆಯ ಅಂಚು ಗುಂಡನ್ನು ಹೆರೆದುಬಿಡುತ್ತದೆ. ಅತಿ ಬಿಗಿಯಾಗಿ ಕಚ್ಚಿಸಿದರೂ ಗುಂಡು ಸಪೂರವಾಗುತ್ತದೆ. ಅಷ್ಟು ಕಷ್ಟಪಟ್ಟು ಹಿಡಿದ ಒಂದು ಥೌ ಅಲ್ಲೇ ಹೋಯಿತು.

ಹಿಡಿದದ್ದನ್ನು ತೆಗೆಯುವುದು ಹೇಗೆ? ಹಳೇ ಬ್ರಷ್ಷಿಗೆ ಅಪ್ಪಟ ತಾಮ್ರದ ಜುಂಗು ಸುತ್ತಿ, ಎಣ್ಣೆ ಹಚ್ಚಿ ನಳಿಗೆಯಲ್ಲಿ ಎಳೆದಾಡಿದರೆ ಸೀಸ ಬೂದು ಎಳೆಗಳಾಗಿ ಬರುತ್ತದೆ. ತಾಮ್ರದ ಬಣ್ಣ ಬಳಿದ ಕಬ್ಬಿಣದ ಜುಂಗೂ ಅಂಗಡಿಯಲ್ಲಿ ಸಿಗುತ್ತದೆ, ಆಯಸ್ಕಾಂತ ಹಿಡಿದು ನೋಡಿಯೇ ತರಬೇಕು. ಫೋರ್ಸಿಂಗ್ ಕೋನಿಗೆ ಹಿತ್ತಾಳೆ ಜಾಲರಿ ಹಾಕಿ ತಿರುಗಿಸುವ ಬೇರೆ ಸಾಧನವೇ ಇದೆ. ಕೊನೆಗೆ ಒಂದಿಷ್ಟು ತಾಮ್ರದ ಕವಚದ ಗುಂಡು ಹೊಡೆದರೆ ಸೀಸ ತಾನೇ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಅಜ್ಜ ಒಪ್ಪುವುದಿಲ್ಲ, ನಾನೂ ಇಲ್ಲ. ಕಿರಿದಾದ ನಳಿಗೆಯಲ್ಲಿ ಗಟ್ಟಿ ಗುಂಡು ತುರುಕಿದರೆ ಒತ್ತಡ ಏರುತ್ತದೆ, ಸೀಸ ಇನ್ನೂ ಒಳಗೆ ಇಸ್ತ್ರಿ ಹಾಕಿದಂತೆ ಕೂರುವುದೂ ಉಂಟು. ವಿನೆಗರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ನಳಿಗೆಗೆ ಹೊಯ್ಯುವ ಉಪಾಯವಂತೂ ಬೇಡವೇ ಬೇಡ. ಸೀಸ ಕರಗುತ್ತದೆ, ನಿಜ. ಆದರೆ ಕರಗಿ ಲೆಡ್ ಅಸಿಟೇಟ್ ಆಗುತ್ತದೆ, ಅದು ಚರ್ಮದ ಮೂಲಕವೂ ಮೈಗೆ ಹೋಗುವ ವಿಷ. ಹೆಚ್ಚು ಹೊತ್ತು ಬಿಟ್ಟರೆ ನಳಿಗೆಯ ಉಕ್ಕನ್ನೂ ತಿನ್ನುತ್ತದೆ.