ಸಿಟ್ಟಿಲ್ಲದ ಫಣಿಯಮ್ಮ

2023 ಜುಲೈ 22, ಶನಿವಾರ
ಶಿರಸಿ

ದೊಡ್ಡಮ್ಮ ಸಿನಿಮಾವನ್ನು ಅರ್ಧಕ್ಕೇ ನಿಲ್ಲಿಸಿದಳು. "ಸಾಕು ಕೂಸೇ, ಬಂದ್ ಮಾಡು" ಅಂದಳು.

'ಫಣಿಯಮ್ಮ' ನೋಡುತ್ತಿದ್ದೆವು. ಪ್ರೇಮಾ ಕಾರಂತರು 1983ರಲ್ಲಿ ಮಾಡಿದ್ದು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ದೊಡ್ಡಮ್ಮ ಲೈಬ್ರರಿಯಿಂದ ತರಿಸಿಕೊಂಡು ಆಗಲೇ ಓದಿದ್ದಾಳೆ. ಸಿನಿಮಾ ಮಾತ್ರ ನೋಡಿರಲಿಲ್ಲ. ಅವಳಿಗೆ ತೋರಿಸಬೇಕು ಎಂದು ನನಗೆ ಬಹಳ ದಿನದಿಂದ ಆಸೆ. ಹೊರಗೆ ಈ ನಮೂನೆ ಮಳೆ, ಎಲ್ಲೂ ಹೋಗುವ ಹಾಗಿಲ್ಲ. ಮಗ, ನಮ್ಮ ಮಾಣಿ, ಟಿವಿಗೆ ಫೋನು ಜೋಡಿಸಿ ಕೊಟ್ಟ. ನಾನು ಕಂಬಳಿ ತಂದು ಅವಳ ಕಾಲಿಗೆ ಹೊದೆಸಿದೆ.

ವಿಧವೆಯಾದ ಫಣಿಯಮ್ಮನ ಕೂದಲು ತೆಗೆಸುವ ಭಾಗ ಬಂದಾಗ ಏಳುತ್ತಾಳೇನೋ ಅಂದುಕೊಂಡಿದ್ದೆ. ಏಳಲಿಲ್ಲ. ಪೂರ್ತಿ ನೋಡಿದಳು. ಆಮೇಲೆ ಎಷ್ಟೋ ಹೊತ್ತಿನ ಮೇಲೆ, ಫಣಿಯಮ್ಮ ತನ್ನ ಪಾಡಿಗೆ ಮನೆಯವರಿಗೆಲ್ಲ ಬೇಕಾದವಳಾಗಿ ಓಡಾಡುತ್ತಿರುವಾಗ ಸಾಕು ಅಂದಳು.

"ಇದಕ್ಕೆ ಸಿಟ್ಟೇ ಬತ್ತಿಲ್ಲೆ ಅಲ್ದನೇ?"

ನಾನು ಏನೂ ಹೇಳಲಿಲ್ಲ. ಅವಳೇ ಶುರು ಮಾಡಿದಳು.

ಅವಳ ಅಜ್ಜನ ತಂಗಿ ಒಬ್ಬಳಿದ್ದಳು. ಎಲ್ಲರೂ ಸಣ್ಣಜ್ಜಿ ಅನ್ನುತ್ತಿದ್ದರು. ಹೆಸರೇನು ಎಂದು ಕೇಳಿದರೆ ದೊಡ್ಡಮ್ಮನಿಗೆ ನೆನಪಾಗಲಿಲ್ಲ. ಹೆಸರು ಹಿಡಿದು ಕರೆದಿದ್ದನ್ನೇ ಯಾರೂ ಕೇಳಿಲ್ಲವಂತೆ. ಗಂಡನ ಮನೆಗೆ ಹೋಗುವ ಮೊದಲೇ ಗಂಡ ಸತ್ತ. ಕೆಂಪು ಸೀರೆ, ಬೋಳು ತಲೆ, ಮಡಿ. ಒಂದು ಹೊತ್ತು ಊಟ. ಕತೆ ಇಷ್ಟರವರೆಗೆ ಥೇಟ್ ಫಣಿಯಮ್ಮನದೇ. ಇಂದಿರಾ ಅವರೂ ತಮ್ಮ ಕುಟುಂಬದ ಹಿರಿಯಳೊಬ್ಬಳ ಕತೆಯನ್ನೇ ಬರೆದಿದ್ದಲ್ವಾ. ಆಗ ಇಂಥವಳು ಒಬ್ಬಳಾದರೂ ಇಲ್ಲದ ಮನೆ ಕಡಿಮೆ.

ಆದರೆ ಸಣ್ಣಜ್ಜಿ ಶಾಂತವಾಗಿರಲಿಲ್ಲ. "ಹೀಂಗೆ ಇತ್ತಿಲ್ಲೆ ಅದು. ಎಲ್ಲವ್ಕೂ ಬೈತಿತ್ತು" ಅಂದಳು ದೊಡ್ಡಮ್ಮ. ಸೊಸೆಯಂದಿರಿಗೆ ಬೈಯುತ್ತಿದ್ದಳು. ಮಕ್ಕಳು ಮಡಿ ಬಟ್ಟೆ ಮುಟ್ಟಿದರೆ ಅಡಿಕೆ ಹಾಳೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಮದುವೆ ಎದ್ದರೆ ಆ ದಿನ ಬೆಳಗಿನಿಂದ ಯಾರ ಹತ್ತಿರವೂ ಮಾತಿಲ್ಲ. ಕತ್ತಲೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ತಲೆ ಬೋಳಿಸುವ ಕೆಲಸಿ ಬರುವ ದಿನ ಹಿತ್ತಲಿಗೆ ಹೋಗಿ ಕೂತು, ಅವನಿಗೂ ಬೈಯುತ್ತಿದ್ದಳು. ಅವನು ತಲೆ ತಗ್ಗಿಸಿ ಕೆಲಸ ಮುಗಿಸಿ ಹೋಗುತ್ತಿದ್ದ.

"ಆನು ಒಂದ್ಸಲ ಆ ತಲೆ ಮುಟ್ಟಿದ್ದಿ" ಅಂದಳು. ಚಿಕ್ಕವಳಿದ್ದಾಗ, ರಾತ್ರಿ, ಸಣ್ಣಜ್ಜಿಯ ಕೋಣೆಯಲ್ಲೇ ಮಲಗಿದ್ದಾಗ. ಮೆತ್ತಗಿರುತ್ತದೆ ಅಂದುಕೊಂಡಿದ್ದಳಂತೆ. ಚುಚ್ಚಿತಂತೆ. ಸಣ್ಣಜ್ಜಿಗೆ ಎಚ್ಚರವೇ ಇತ್ತು. ಬೈಯಲಿಲ್ಲ. ಕೈ ತೆಗೆಯಲೂ ಇಲ್ಲ.

ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ ಎಂದಳು. ಎಂಬತ್ತು ದಾಟಿದ ಮೇಲೆ.

ನಾನು ಆದರೂ ವಾದ ಮಾಡಿದೆ. ನನಗೆ ಈ ಸಿನಿಮಾ ಅಂದರೆ ಅಷ್ಟು ಇಷ್ಟ. ದಾಕ್ಷಾಯಿಣಿಯ ಭಾಗ ನೋಡಬೇಕಿತ್ತು ನೀನು, ಎಂದೆ. ಆ ಹುಡುಗಿ ವಿಧವೆಯಾಗುತ್ತಾಳೆ, ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಠ ಹಿಡಿಯುತ್ತಾಳೆ. ಇಡೀ ಮನೆ ಎದುರು ನಿಂತಾಗ ಫಣಿಯಮ್ಮ ಅವಳ ಪರವಾಗಿ ನಿಲ್ಲುತ್ತಾಳೆ. ಇಷ್ಟು ವರ್ಷ ಸುಮ್ಮನಿದ್ದವಳ ಮಾತಿಗೆ ಇರುವ ತೂಕ ಕೂಗಾಡುವವರ ಮಾತಿಗೆ ಇರುವುದಿಲ್ಲ. ಅದೇ ಅವಳ ಸಿಟ್ಟು, ಎಂದೆ.

ದೊಡ್ಡಮ್ಮ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಅದು ಬೇರೆವ್ರ ಸಲುವಾಗಿ ಆತು. ತನ್ನ ಸಲುವಾಗಿ?"

ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ರಾತ್ರಿ ಹತ್ತೂವರೆ ಆಗಿದೆ.

ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯುವುದು ಬಾಕಿ ಇದೆ. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟಾಗಿದೆ. ಮಳೆ ನಿಂತು ಒಂದು ದಿನ ಹೊಳವಾದರೆ ಸಾಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಎಲ್ಲರ ಮನೆಗೂ ಬೇಕು, ಎಲ್ಲರಿಗೂ ಅದೇ ಒಂದು ಹೊಳವಿನ ದಿನ ಬೇಕು. ಕೆಳಗಿನ ತೋಟದಲ್ಲಿ ಆಗಲೇ ಕಾಯಿ ಉದುರುತ್ತಿದೆ ಎಂದು ಇವರು ಸಂಜೆ ಬಂದು ಹೇಳಿದರು. ಹೇಳಿ ಊಟಕ್ಕೆ ಕೂತರು. ಜಾಸ್ತಿ ಮಾತಾಡಲಿಲ್ಲ.

ನಿನ್ನೆ ಮಾಣಿಗೆ 'ಆಕ್ಸಿಡೆಂಟ್' ತೋರಿಸಿದ್ದೆ. ಹುಬ್ಬಳ್ಳಿಯಲ್ಲಿ ಓದುವ ಹುಡುಗ, ಹಳೇ ಸಿನಿಮಾ ಎಂದರೆ "ಆಯಿ, ಎಷ್ಟು ಸ್ಲೋ" ಅನ್ನುವವನು. ಇದನ್ನು ಮಾತ್ರ ಅಲ್ಲಾಡದೆ ನೋಡಿದ. 1985ರ ಸಿನಿಮಾ, ಒಂದೂ ಹಾಡಿಲ್ಲ. ಇಳಯರಾಜಾ ಇದ್ದೂ ಹಾಡಿಲ್ಲ! 'ಗೀತಾ'ಕ್ಕೆ ಅಂಥಾ ಹಾಡುಗಳನ್ನು ಮಾಡಿಸಿಕೊಂಡ ಅದೇ ಶಂಕರ್ ನಾಗ್ ಇಲ್ಲಿ ಹಾಡು ಬೇಡ ಅಂದರಲ್ಲ, ಅದಕ್ಕೆ ಎಷ್ಟು ಧೈರ್ಯ ಬೇಕು. ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ದೊಡ್ಡವರ ಮಗನ ಕಾರು ಹರಿಯುತ್ತದೆ. ಅಪ್ಪ ರಾಜಕಾರಣಿ, ಮಗನನ್ನು ಉಳಿಸಲು ನೋಡುತ್ತಾನೆ. ಆ ಅಪ್ಪ ಅನಂತ್ ನಾಗ್. ಕಣ್ಣು ಕೆಂಪು ಮಾಡುವುದಿಲ್ಲ, ಅಬ್ಬರಿಸುವುದಿಲ್ಲ. ಮಗನ ಮೇಲೆ ಪ್ರೀತಿ ಇರುವ ಅಪ್ಪ. ಆ ಪ್ರೀತಿಯೇ ಸತ್ತವರನ್ನು ಲೆಕ್ಕಕ್ಕಿಲ್ಲದವರನ್ನಾಗಿ ಮಾಡುತ್ತದೆ. ನನಗೆ ಅನಂತ್ ನಾಗ್ ಅವರ ಎಲ್ಲ ಪಾತ್ರಗಳಲ್ಲಿ ಇದೇ ದೊಡ್ಡದು. 'ಬೆಂಕಿಯ ಬಲೆ' ಅನ್ನುವವರು ಅನ್ನಲಿ.

ಅಣ್ಣ ಅನಂತ್ ನಾಗ್ ಚಿಕ್ಕಂದಿನಲ್ಲಿ ಇದ್ದಿದ್ದು ಶಿರಾಲಿಯ ಚಿತ್ರಾಪುರ ಮಠದಲ್ಲಿ, ತಮ್ಮ ಶಂಕರ್ ನಾಗ್ ಹುಟ್ಟಿದ್ದು ಹೊನ್ನಾವರದಲ್ಲಿ ಎಂದು ಮಾಣಿಗೆ ಹೇಳಿದೆ. "ಘಟ್ಟ ಇಳಿದರೆ ಬರುವ ಹೊನ್ನಾವರವಾ?" ಎಂದು ಕೇಳಿದ. ಹೌದು, ಅದೇ. ಆಮೇಲೆ ಅವನೇ ಫೋನಿನಲ್ಲಿ ಹುಡುಕಿ ಸುಮ್ಮನಾದ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರ ಆನಗೋಡು, ಶಂಕರ್ ನಾಗ್ ಸತ್ತ ಕಾರು ಅಪಘಾತ. ಆ ಸಿನಿಮಾ ಮಾಡಿ ಐದೇ ವರ್ಷ. ವಯಸ್ಸು 35. ಅವನಿಗೆ ಈಗ ಗೊತ್ತಾಗಿದ್ದು, ನಮಗೆ ಆವತ್ತು ರೇಡಿಯೋದಲ್ಲಿ ಗೊತ್ತಾಗಿದ್ದು. ಅಪ್ಪ ಚಾ ಕುಡಿಯದೆ ಎದ್ದು ಹೋಗಿದ್ದು ನೆನಪಿದೆ.

ದೊಡ್ಡಮ್ಮನ ಮಾತು ಬಿಡುತ್ತಿಲ್ಲ.

ಆ ಕಾಲದ ಸಿನಿಮಾಗಳನ್ನು ಒಂದೊಂದೇ ನೆನಪಿಸಿಕೊಳ್ಳುತ್ತಿದ್ದೇನೆ. ಕಷ್ಟಪಡುವವರೆಲ್ಲ ಯಾಕೆ ಅಷ್ಟು ಒಳ್ಳೆಯವರು? 'ಬಂಧನ' ನೋಡಿ ನಾವೆಲ್ಲ ಅತ್ತವರೇ. 'ನೂರೊಂದು ನೆನಪು' ಕೇಳಿದರೆ ಈಗಲೂ ಕೈಯಲ್ಲಿನ ಕೆಲಸ ನಿಲ್ಲುತ್ತದೆ. ಆದರೆ ಅಲ್ಲಿ ಒಳ್ಳೆಯವರು ಪೂರ್ತಿ ಒಳ್ಳೆಯವರು, ಕೆಟ್ಟ ಗಂಡ ಪೂರ್ತಿ ಕೆಟ್ಟವನು. ನೊಂದವರು ಸಹಿಸಿಕೊಂಡರೆ ಮಾತ್ರ ನಮಗೆ ಅಳು ಬರುವುದಾ? ತಿರುಗಿ ಬೈದರೆ ಬರುವುದಿಲ್ಲವಾ?

'ತಬರನ ಕಥೆ' ಹಾಗಲ್ಲ. ತೇಜಸ್ವಿಯವರ ಕತೆ, ಕಾಸರವಳ್ಳಿಯವರ ಸಿನಿಮಾ. 1986ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ, ಬಂದಿದ್ದು ಅದಕ್ಕೇ. ಚಾರುಹಾಸನ್ ತಮಿಳಿನವರು, ಆದರೂ ಆ ತಬರ ನಮ್ಮ ಯಾವ ಕಚೇರಿಯ ಕಟ್ಟೆಯ ಮೇಲಾದರೂ ಕೂತಿರಬಹುದು. ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಯ ಕಾಲು ಕೊಳೆಯುತ್ತಿದೆ. ಆ ಕಾಲು ಕಡಿದುಕೊಡು ಎಂದು ಮಾಂಸ ಕಡಿಯುವವನ ಹತ್ತಿರ ಹೋಗಿ ಕೇಳುತ್ತಾನೆ. ನನಗೆ ತಬರನನ್ನು ನೋಡಿದರೆ ಬರೀ ಅಯ್ಯೋ ಅನ್ನಿಸುವುದಿಲ್ಲ, ಕಿರಿಕಿರಿಯೂ ಆಗುತ್ತದೆ. ಸರ್ಕಾರದ ಮೇಲೆ ಅವನಿಗಿರುವ ಆ ನಂಬಿಕೆ ನೋಡಿ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ. ಹೆಂಡತಿ ಸತ್ತ ಮೇಲೆ ದುಡ್ಡು ಬಂದಾಗ ಅವನು ಒಳ್ಳೆಯವನಾಗಿ ಉಳಿದಿರುವುದಿಲ್ಲ. ತಲೆ ಕೆಟ್ಟಿರುತ್ತದೆ, ಕೂಗುತ್ತಾನೆ. ದೊಡ್ಡಮ್ಮನಿಗೆ ತೋರಿಸಬೇಕಾಗಿದ್ದು ಇದನ್ನೇನೋ.

ಆದರೆ ತಬರ ಗಂಡಸು. ಹಾಗೆ ಕೂಗುವ ಹೆಂಗಸನ್ನು ಆ ಕಾಲದ ಸಿನಿಮಾಗಳಲ್ಲಿ ಹುಡುಕುತ್ತಿದ್ದೇನೆ.

ಹೀಗೆ ಹುಡುಕುವಾಗ ಎಲ್.ವಿ. ಶಾರದಾ ಮತ್ತೆ ಸಿಕ್ಕರು. ಫಣಿಯಮ್ಮನಾಗುವ ಹತ್ತು ವರ್ಷಕ್ಕೂ ಹೆಚ್ಚು ಮೊದಲು ಅವರು 'ವಂಶವೃಕ್ಷ'ದ ಕಾತ್ಯಾಯನಿ. ಅದನ್ನು ಮಾಡಿದ್ದು ಪ್ರೇಮಾ ಅವರ ಗಂಡ ಬಿ.ವಿ. ಕಾರಂತರು ಮತ್ತು ನಮ್ಮ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು. ಅಲ್ಲೂ ಶಾರದಾ ವಿಧವೆಯೇ. ಆದರೆ ಮನೆಯೊಳಗೆ ಕೂರದೆ ಕಾಲೇಜಿಗೆ ಹೋಗುವ, ಪ್ರೀತಿಸಿ ಮತ್ತೆ ಮದುವೆಯಾಗುವ ವಿಧವೆ. ಆ ಸುಖ ಅವಳಿಗೆ ದಕ್ಕುವುದಿಲ್ಲ. ಕೊರಗಿ ಕೊರಗಿ ಸಾಯುತ್ತಾಳೆ.

ಅದೇ ಕಣ್ಣು, ಅದೇ ತಗ್ಗಿದ ದನಿ. ಹೊರಗೆ ಹೋದ ಕಾತ್ಯಾಯನಿಗೆ ಕೊರಗು, ಒಳಗೇ ಉಳಿದ ಫಣಿಯಮ್ಮನಿಗೆ ಶಾಂತಿ. ಒಳಗೇ ಉಳಿದು, ಶಾಂತಿಯೂ ಇಲ್ಲದೆ, ಹಾಳೆ ಹಿಡಿದು ಮಕ್ಕಳನ್ನು ಅಟ್ಟಿಸಿಕೊಂಡು ಬರುವವಳನ್ನೂ ಶಾರದಾ ಮಾಡಬಹುದಿತ್ತು. ಖಂಡಿತ ಮಾಡುತ್ತಿದ್ದರು. 'ಫಣಿಯಮ್ಮ'ದಲ್ಲೇ ಒಂದೆರಡು ಕಡೆ, ಮಾತು ಬರುತ್ತದೆ ಅನ್ನುವಾಗ ಬಾಯಿ ಬಿಗಿ ಹಿಡಿಯುತ್ತಾರಲ್ಲ, ಅಲ್ಲಿ ನನಗೆ ಯಾವಾಗಲೂ ಏನೋ ಇದೆ ಅನ್ನಿಸುತ್ತಿತ್ತು. ಅದು ಪ್ರೇಮಾ ಅವರು ಹೇಳಿ ಮಾಡಿಸಿದ್ದಾ ಅಥವಾ ಶಾರದಾ ತಾವೇ ಮಾಡಿದ್ದಾ?