ಸೊನ್ನೆಯ ಕೆಳಗಿಳಿಯುವ ಕಂಬಗಳು

ಮಾಟುಂಗಾದ ಉಡುಪಿ ಹೋಟೆಲೊಂದರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಕೈಯಲ್ಲಿದ್ದ ಹಣ ದಿನಸಿ, ಸಂಬಳ, ಗ್ಯಾಸ್, ಬಾಡಿಗೆಗಳಲ್ಲಿ ಹೇಗೆ ಇಳಿಯಿತು, ಗಲ್ಲಾದ ವಸೂಲಿಯಿಂದ ಹೇಗೆ ಏರಿತು ಎಂಬುದನ್ನು ತಿಂಗಳ ಕೊನೆಗೆ ಧಣಿಗಳಿಗೆ ಒಂದೇ ಚಿತ್ರದಲ್ಲಿ ತೋರಿಸಬೇಕು. ಇಂಥ ವಾಟರ್‌ಫಾಲ್ ಚಾರ್ಟ್ ಎಕ್ಸೆಲ್‌ನ 2016ರ ಆವೃತ್ತಿಯಿಂದ ಸಿದ್ಧವಾಗಿಯೇ ಸಿಗುತ್ತದೆಯಾದರೂ ಅದರೊಡನೆ ಬೇರೆ ಬಗೆಯ ಚಾರ್ಟನ್ನು ಬೆರೆಸಲು ಬರುವುದಿಲ್ಲ. ಧಣಿಗಳಿಗೋ ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿಯ (ಖಾತೆಯಲ್ಲಿ ಇಲ್ಲದಿದ್ದರೂ ಬ್ಯಾಂಕು ತೆಗೆಯಲು ಬಿಡುವ ಹಣದ ಮಿತಿ) ಗೆರೆಯೂ ಅಲ್ಲೇ ಕಾಣಬೇಕು.

ಹಾಗಾಗಿ ಹಳೆಯ ಉಪಾಯಕ್ಕೆ ಮೊರೆಹೋದೆ: ಭಾಗಗಳನ್ನು ಒಂದರ ಮೇಲೊಂದು ಪೇರಿಸುವ ಸ್ಟ್ಯಾಕ್ಡ್ ಕಾಲಮ್ ಚಾರ್ಟ್ ಹಾಕಿ, ಕೆಳಗಿನ ಭಾಗದ ಬಣ್ಣ ತೆಗೆದು, ಮೇಲಿನದು ಗಾಳಿಯಲ್ಲಿ ನಿಂತಂತೆ ಕಾಣಿಸುವುದು. ಮಳೆಗಾಲದ ಒಂದು ತಿಂಗಳು, 40 ಸಾವಿರವಿದ್ದ ಶೇಷ 65 ಸಾವಿರದ ದಿನಸಿ ಬಿಲ್ಲು ಕಟ್ಟಿದಾಗ −25 ಸಾವಿರಕ್ಕೆ ಇಳಿಯಿತು. ಈ ಚಾರ್ಟು ಋಣ ಸಂಖ್ಯೆಗಳನ್ನು ಸೊನ್ನೆಯಿಂದ ಕೆಳಕ್ಕೂ ಧನ ಸಂಖ್ಯೆಗಳನ್ನು ಸೊನ್ನೆಯಿಂದ ಮೇಲಕ್ಕೂ ಬೇರೆಬೇರೆಯಾಗಿ ಪೇರಿಸುವುದರಿಂದ, ಬಣ್ಣವಿಲ್ಲದ −25 ಕೆಳಗಿಳಿದು, 65ರ ಕಂಬ ಸೊನ್ನೆಯ ಮೇಲೆ ನೆಟ್ಟಗೆ ನಿಂತುಬಿಟ್ಟಿತು. “ದಿನಸಿ ತಂದರೆ ದುಡ್ಡು ಹೆಚ್ಚಾಗುತ್ತದೋ ಮಾರಾಯ್ರೇ?” ಎಂದು ಧಣಿಗಳು ಕೇಳಿದರು.

ಪರಿಹಾರ ಸಿಕ್ಕಿದ್ದು ಲೈನ್ ಚಾರ್ಟಿನಲ್ಲಿ. ಪ್ರತಿ ಬಾಬಿಗೂ ಮೊದಲಿನ ಶೇಷ, ನಂತರದ ಶೇಷ ಎಂದು ಎರಡು ಕಾಲಮ್ ಬರೆದು, ಎರಡನ್ನೂ ಗೆರೆಗಳಾಗಿ ಎಳೆದು, ಆ ಗೆರೆಗಳ ನಡುವೆ ಕಂಬ ನಿಲ್ಲಿಸುವ ‘ಅಪ್/ಡೌನ್ ಬಾರ್ಸ್’ ಸೇರಿಸಿ, ಆಮೇಲೆ ಗೆರೆಗಳನ್ನು ಮರೆಮಾಡಬೇಕು. ದಲಾಲ್ ಸ್ಟ್ರೀಟಿನ ಶೇರುಪೇಟೆಯವರು ದಿನದ ಆರಂಭ ಮತ್ತು ಮುಕ್ತಾಯದ ದರ ತೋರಿಸಲು ಬಳಸುವ, ಮೇಣದಬತ್ತಿಯಂತೆ ಕಾಣುವ ಕ್ಯಾಂಡಲ್‌ನ ಒಡಲೇ ಇದು. ಇಲ್ಲಿ ಕಂಬದ ಎತ್ತರವನ್ನು ನಾವು ಲೆಕ್ಕಹಾಕುವುದೇ ಇಲ್ಲ, ಎರಡು ತುದಿಗಳನ್ನಷ್ಟೇ ಕೊಡುತ್ತೇವೆ. ಆದ್ದರಿಂದ 40ರಿಂದ −25ರವರೆಗಿನ ಕಂಬ ಸೊನ್ನೆಯನ್ನು ಸರಾಗವಾಗಿ ದಾಟುತ್ತದೆ.

ಮಿತಿಯ ಗೆರೆಯನ್ನು ಮೂರನೆಯ ಸರಣಿಯಾಗಿ ಸೇರಿಸಿದೊಡನೆ ಎಲ್ಲ ಕಂಬಗಳೂ ಆ ಗೆರೆಯವರೆಗೆ ಜೋತುಬಿದ್ದವು. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು: ಈ ಕಂಬಗಳು ಮೊದಲ ಮತ್ತು ಕೊನೆಯ ಸರಣಿಗಳನ್ನು ಮಾತ್ರ ಜೋಡಿಸುತ್ತವೆ. ‘ಸೆಲೆಕ್ಟ್ ಡೇಟಾ’ದಲ್ಲಿ ಮಿತಿಯನ್ನು ನಡುವೆ ಸರಿಸಿದ್ದೇ ತಡ, ಎಲ್ಲವೂ ನೆಟ್ಟಗಾದವು.

ಒಂದು ಕೊರತೆ ಉಳಿದಿದೆ. ಏರುವ ಕಂಬಗಳಿಗೆಲ್ಲ ಒಂದು ಬಣ್ಣ, ಇಳಿಯುವವಕ್ಕೆಲ್ಲ ಇನ್ನೊಂದು. ತಿಂಗಳ ಕೊನೆಯ ಶೇಷಕ್ಕೆಂದು ಪ್ರತ್ಯೇಕ ಬಣ್ಣ ಕೊಡಲಾಗುವುದಿಲ್ಲ. ಸದ್ಯಕ್ಕೆ ಅದರ ಹೆಸರನ್ನಷ್ಟೇ ದಪ್ಪಕ್ಷರದಲ್ಲಿ ಪಕ್ಕಕ್ಕೆ ಬರೆದಿಟ್ಟಿದ್ದೇನೆ.