ಏರು ಹತ್ತದ ಗಾಡಿ

ಶನಿವಾರ, ಭಾನುವಾರ ಜಯನಗರದಲ್ಲಿ ಮಕ್ಕಳಿಗೆ ರೋಬಾಟಿಕ್ಸ್ ಹೇಳಿಕೊಡುವುದು ನನ್ನ ಕೆಲಸ. ಮೊದಲ ಬ್ಯಾಚಿನ ಕೊನೆಯ ದಿನ ಅಪ್ಪ-ಅಮ್ಮಂದಿರ ಎದುರು ಮಕ್ಕಳ ಗಾಡಿಗಳು ಹಲಗೆಯ ಏರು ಹತ್ತಬೇಕಿತ್ತು. ಹಿಂದಿನ ರಾತ್ರಿ ನಾನೊಂದು ಅತಿಬುದ್ಧಿ ಮಾಡಿದೆ. ಜೋರಾಗಿ ಓಡಲಿ ಅಂತ ಎಲ್ಲದರಲ್ಲೂ ಮೋಟಾರಿಗೆ 24 ಹಲ್ಲಿನ ಗೇರ್, ಚಕ್ರದ ಕಡೆಗೆ 8 ಹಲ್ಲಿನದು ಹಾಕಿಟ್ಟೆ.

ನೆಲದ ಮೇಲೆ ಸುಯ್ಯನೆ ಓಡಿದವು. ಹಲಗೆ ಮಾತ್ರ ಒಂದೂ ಹತ್ತಲಿಲ್ಲ. ಮೋಟಾರ್ ಗುಂಯ್ ಅಂತ ನಿಂತುಬಿಡುತ್ತಿತ್ತು. ನಾನು ಬ್ಯಾಟರಿ ಮೇಲೆ ತಪ್ಪು ಹೊರಿಸುತ್ತಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗಿ ಎರಡೂ ಗೇರ್ ಬಿಚ್ಚಿ ಅದಲು ಬದಲು ಮಾಡಿದಳು. ಗಾಡಿ ಇರುವೆ ಹಾಗೆ ತೆವಳಿತು, ಆದರೆ ಮೇಲೆ ಹತ್ತಿತು.

ಲೆಕ್ಕ ನನಗೆ ಗೊತ್ತಿರಲಿಲ್ಲ ಅಂತಲ್ಲ. ಬೋರ್ಡ್ ಮೇಲೆ ನಾನೇ ಬರೆದಿದ್ದೆ. 24 ಹಲ್ಲಿನದು ಒಂದು ಸುತ್ತು ಬಂದರೆ 8 ಹಲ್ಲಿನದು ಮೂರು ಸುತ್ತು. ವೇಗ ಮೂರು ಪಟ್ಟು, ತಿರುಗಿಸುವ ಬಲ ಮೂರರಲ್ಲಿ ಒಂದು ಪಾಲು. ಅದಲು ಬದಲು ಮಾಡಿದರೆ ಉಲ್ಟಾ. ಅಂದರೆ ಆ ಹುಡುಗಿ ಒಂದೇ ಏಟಿಗೆ ಬಲವನ್ನು ಹೆಚ್ಚುಕಡಿಮೆ ಒಂಬತ್ತು ಪಟ್ಟು ಮಾಡಿದ್ದಳು!

ಈಗ ಬೋರ್ಡ್ ಆಮೇಲೆ. ಮೊದಲು ಇಬ್ಬಿಬ್ಬರನ್ನು ಕೂರಿಸುತ್ತೇನೆ. ಒಬ್ಬರು ಸಣ್ಣ ಗೇರ್ ತಿರುಗಿಸಬೇಕು, ಇನ್ನೊಬ್ಬರು ದೊಡ್ಡದು ಕೂತಿರುವ ಕಡ್ಡಿಯನ್ನು, ಅಂದರೆ ಅಚ್ಚನ್ನು, ಬೆರಳಲ್ಲಿ ಅದುಮಿ ನಿಲ್ಲಿಸಬೇಕು. ನಿಲ್ಲಿಸೋದು ಕಷ್ಟ. ದೊಡ್ಡದನ್ನು ತಿರುಗಿಸಿ ಸಣ್ಣದನ್ನು ಹಿಡಿದರೆ ಸುಲಭವಾಗಿ ನಿಲ್ಲುತ್ತದೆ. ಆಮೇಲೆ ಕಬ್ಬಿನ ಹಾಲಿನ ಅಂಗಡಿ ನೆನಪಿಸುತ್ತೇನೆ. ಅಲ್ಲಿ ಮೋಟಾರ್ ಎಷ್ಟು ಜೋರು, ಕಬ್ಬು ಅರೆಯುವ ಉರುಳೆ ಎಷ್ಟು ನಿಧಾನ, ಅಲ್ವಾ?

ನಡುವೆ ಇನ್ನೊಂದು ಗೇರ್ ಸೇರಿಸಿದರೆ ಬಲ ಜಾಸ್ತಿ ಆಗುತ್ತೆ ಅಂತ ತುಂಬಾ ಮಕ್ಕಳು ಅಂದುಕೊಳ್ಳುತ್ತಾರೆ. ಆಗಲ್ಲ, ತಿರುಗುವ ದಿಕ್ಕು ಮಾತ್ರ ಬದಲಾಗುತ್ತದೆ. ಬಲ ಬೇಕಿದ್ದರೆ ನಡುವಿನ ಕಡ್ಡಿಯ ಮೇಲೆ ಎರಡು ಗೇರ್ ಬೇಕು. ಮೋಟಾರಿನ 8 ನಡುವಿನ 24ನ್ನು ತಿರುಗಿಸಬೇಕು, ಅದೇ ಕಡ್ಡಿಯ 8 ಮುಂದಿನ 24ನ್ನು. ಅಲ್ಲಿಗೆ ಮತ್ತೆ ಒಂಬತ್ತು. ಕಡ್ಡಿಗೆ ಎರಡೂ ಬದಿ ಆಸರೆ ಕೊಡಿ, ಇಲ್ಲದಿದ್ದರೆ ಅದು ಬಾಗಿ ಹಲ್ಲು ಕಟಕಟ ಅಂತ ಜಾರುತ್ತದೆ.

ಇನ್ನೊಂದು ತಮಾಷೆ ಇದೆ. ನಮ್ಮ ಗಾಡಿಗಳನ್ನು ಕಟ್ಟುವುದು ಲೆಗೋ ಎಂಬ ಜೋಡಣೆ ಆಟಿಕೆಯ ಪ್ಲಾಸ್ಟಿಕ್ ತುಂಡುಗಳಿಂದ. ಅದರ ಪಟ್ಟಿಯ ತೂತುಗಳ ನಡುವೆ 8 ಮಿ.ಮೀ. ಅಂತರ. ಎರಡು ಗೇರಿನ ಹಲ್ಲು ಕೂಡಿ ಅರ್ಧ ಮಾಡಿದರೆ, ಕಡ್ಡಿಗಳ ನಡುವೆ ಎಷ್ಟು ಮಿ.ಮೀ. ಬೇಕು ಅಂತ ಸಿಗುತ್ತದೆ. 8 ಮತ್ತು 24 ಸೇರಿದರೆ 32, ಅದರ ಅರ್ಧ 16, ಸರಿಯಾಗಿ ಎರಡು ತೂತಿನ ದೂರ. 8 ಮತ್ತು 16 ಸೇರಿದರೆ 24, ಅದರ ಅರ್ಧ 12, ಒಂದೂವರೆ ತೂತು. ಸಾಮಾನ್ಯ ಪಟ್ಟಿಯ ಒಂದೇ ಸಾಲಿನಲ್ಲಿ ಅದು ಕೂರೋದಿಲ್ಲ.

ಮೊನ್ನೆ ಒಬ್ಬ ಹುಡುಗ 8ಕ್ಕೆ 16ನ್ನು ಕೂರಿಸಲು ಅರ್ಧ ಗಂಟೆ ಒದ್ದಾಡಿದ. ನಾನು ಸುಮ್ನೆ ಕೂತಿದ್ದೆ. ಕೊನೆಗೆ ಎದ್ದುಹೋಗಿ ಬ್ಯಾಗಿನಿಂದ ಸ್ಕೇಲ್ ತಂದ.